ಪ್ಲಾಕ್‌ಗೆ ಅಂಟೋ ಕಾಂಟ್ರಾಸ್ಟ್ ಏಜೆಂಟ್ ಮಾಡೋಕೆ ಹೊರಟವರಿಗೆ

ಪ್ರತಿ ವರ್ಷ ಪಿಎಚ್‌ಡಿ ಅಡ್ಮಿಷನ್ ಮುಗಿಯೋ ಹೊತ್ತಿಗೆ ಇಬ್ರೋ ಮೂರು ಜನಾನೋ ಮೆಸೇಜ್ ಹಾಕೇ ಹಾಕ್ತಾರೆ, "ಸರ್ ನಂಗೆ ಟಾರ್ಗೆಟೆಡ್ ಇಮೇಜಿಂಗ್ ಪ್ರಾಜೆಕ್ಟ್ ಸಿಕ್ಕಿದೆ, ಆಥಿರೋಸ್ಕ್ಲಿರೋಸಿಸ್ ಮೇಲೆ, ಎಲ್ಲಿಂದ ಶುರು ಮಾಡ್ಲಿ" ಅಂತ. ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೆ ಈ ಸಲ ಒಟ್ಟಿಗೆ ಬರೆದುಬಿಡ್ತಿದ್ದೀನಿ. ಆಥಿರೋಸ್ಕ್ಲಿರೋಸಿಸ್ ಅಂದ್ರೆ ರಕ್ತನಾಳದ ಗೋಡೇಲಿ ಕೊಬ್ಬು ಸೇರಿ ಪ್ಲಾಕ್ ಅನ್ನೋ ಗಂಟು ಬೆಳೆಯೋ ಕಾಯಿಲೆ, ಕಾಂಟ್ರಾಸ್ಟ್ ಏಜೆಂಟ್ ಅಂದ್ರೆ ಸ್ಕ್ಯಾನಲ್ಲಿ ಬೇಕಾದ ಜಾಗ ಎದ್ದು ಕಾಣ್ಲಿ ಅಂತ ರಕ್ತಕ್ಕೆ ಹಾಕೋ ವಸ್ತು. ಇದು ಲ್ಯಾಬ್‌ನಲ್ಲಿ ಕೂತು ಏಜೆಂಟ್ ಮಾಡೋರಿಗೆ, ಇಲಿ ಮೊಲದಲ್ಲಿ ಟೆಸ್ಟ್ ಮಾಡೋರಿಗೆ. "ನಮ್ಮಪ್ಪಂಗೆ ಬ್ಲಾಕ್ ಇದೆ, ಈ ಸ್ಕ್ಯಾನ್ ಎಲ್ಲಿ ಮಾಡ್ತಾರೆ" ಅಂತ ಹುಡುಕ್ಕೊಂಡು ಬಂದಿದ್ರೆ ದಯವಿಟ್ಟು ಕಾರ್ಡಿಯಾಲಜಿಸ್ಟ್ ಹತ್ರಾನೇ ಹೋಗಿ, ಇಲ್ಲಿ ಹೇಳ್ತಿರೋದ್ರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆ ಬಾಗಿಲಿಗೆ ಇನ್ನೂ ಬಂದಿಲ್ಲ.

ಮೊದ್ಲು ಒಂದ್ವಿಷಯ ತಲೇಲಿ ಕೂರಿಸ್ಕೊಳ್ಳಿ. ಆಂಜಿಯೋಗ್ರಾಂ ತೋರ್ಸೋದು ರಕ್ತ ಹರಿಯೋ ದಾರಿಯನ್ನ, ಗೋಡೆಯನ್ನಲ್ಲ. ಹಳೇ ನೀರಿನ ಪೈಪಲ್ಲಿ ಎಷ್ಟು ನೀರು ಬರ್ತಿದೆ ಅಂತ ನೋಡಿ ಪೈಪ್ ಒಳಗೆ ಎಷ್ಟು ತುಕ್ಕು ಹಿಡಿದಿದೆ ಅಂತ ಊಹೆ ಮಾಡಿದ ಹಾಗೆ ಅದು. ಅದೂ ಅಲ್ದೆ ಆರ್ಟರಿ ಪೈಪ್ ಥರ ಸುಮ್ನೆ ಇರೋದಿಲ್ಲ, ಪ್ಲಾಕ್ ಬೆಳೀತಿದ್ದ ಹಾಗೆ ತಾನೂ ಹೊರಗಡೆಗೆ ಹಿಗ್ಗುತ್ತೆ. 1987ರಲ್ಲಿ ಗ್ಲಾಗೋವ್ ಮತ್ತೆ ಜೊತೆಗಾರರು ಸತ್ತವರ ಹೃದಯದ ಆರ್ಟರಿಗಳನ್ನ ಅಳೆದು ತೋರಿಸಿದ್ದು ಇದನ್ನೇ, ಪ್ಲಾಕ್ ಸುಮಾರು 40% ಜಾಗ ಹಿಡಿಯೋ ತನಕ ಒಳಗಿನ ದಾರಿ ಕಿರಿದಾಗೋದೇ ಇಲ್ಲ. ಅಂದ್ರೆ ಆಂಜಿಯೋಗ್ರಾಂ ನಾರ್ಮಲ್ ಅಂತ ಬಂದೋರ ಗೋಡೇಲೂ ಗಂಟು ಇರಬಹುದು. ಅದ್ರಲ್ಲೂ ಒಡೆಯೋ ಪ್ಲಾಕ್ ಯಾವ್ದು ಅಂದ್ರೆ ಒಳಗೆ ಕೊಬ್ಬು, ಸತ್ತ ಕೋಶ, ಮ್ಯಾಕ್ರೋಫೇಜ್ (ಸಿಕ್ಕಿದ್ದನ್ನ ನುಂಗೋ ಬಿಳಿ ರಕ್ತಕೋಶ) ತುಂಬ್ಕೊಂಡು ಮೇಲೆ ಹಾಲಿನ ಕೆನೆ ಥರ ತೆಳ್ಳಗಿನ ಮುಚ್ಚಳ ಇರೋದು. ಆ ಮುಚ್ಚಳ 65 ಮೈಕ್ರೋಮೀಟರ್‌ಗಿಂತ ತೆಳ್ಳಗಿದ್ರೆ ಅಪಾಯ ಅಂತ ಪೆಥಾಲಜಿಯವರು ಗೆರೆ ಎಳೆದಿದ್ದಾರೆ. ಯಾವ ಎಂಆರ್‌ಐಯೂ ಬದುಕಿರೋ ಮನುಷ್ಯನ ಹೃದಯದಲ್ಲಿ 65 ಮೈಕ್ರೋಮೀಟರ್ ನೋಡಲ್ಲ. ಅದಕ್ಕೇ ಆಕಾರ ಬಿಟ್ಟು ಅಲ್ಲಿ ನಡೀತಿರೋ ಕೆಲ್ಸಾನ ಹಿಡಿಯೋಣ ಅಂತ, ಉರಿಯೂತಾನೋ ರಕ್ತ ಹೆಪ್ಪುಗಟ್ಟೋದೋ ಸಣ್ಣ ಸಣ್ಣ ಸುಣ್ಣದ ಕಣಾನೋ ಅದಕ್ಕೆ ಹೋಗಿ ಅಂಟ್ಕೊಳ್ಳೋ ಏಜೆಂಟ್ ಮಾಡೋಣ ಅಂತ ಈ ಇಡೀ ಫೀಲ್ಡ್ ಹುಟ್ಟಿದ್ದು.

ಟಾರ್ಗೆಟ್ ಆಮೇಲೆ, ಪ್ರಶ್ನೆ ಮೊದ್ಲು

ಹೊಸಬರು ಮಾಡೋ ಮೊದಲ ತಪ್ಪು ಅಂದ್ರೆ ಫ್ರಿಜ್ಜಲ್ಲಿ ಯಾವ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಇದೆಯೋ ಅದನ್ನ ಇಟ್ಕೊಂಡು ಶುರು ಮಾಡೋದು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಮೊದ್ಲು ಒಂದು ವಾಕ್ಯ ಬರೀರಿ, ನನ್ನ ಏಜೆಂಟ್ ಏನನ್ನ ಬೇರ್ಪಡಿಸಿ ಹೇಳ್ಬೇಕು? ಪ್ಲಾಕ್ ಶುರುವಾಗೋ ಹಂತವನ್ನಾ, ಒಡೆಯೋಕೆ ರೆಡಿಯಾಗಿರೋದನ್ನಾ, ಆಗ್ಲೇ ಒಡೆದು ಮೇಲೆ ಹೆಪ್ಪು ಕೂತಿರೋದನ್ನಾ, ಇಲ್ಲಾ ಔಷಧಿ ಕೆಲಸ ಮಾಡ್ತಿದೆಯಾ ಅನ್ನೋದನ್ನಾ? ಇದಕ್ಕೆ ಉತ್ತರ ಸಿಕ್ಕಿದ್ರೆ ಟಾರ್ಗೆಟ್ ತಾನಾಗೇ ಬರುತ್ತೆ.

ಶುರುವಿನ ಹಂತ ಅಂದ್ರೆ ಎಂಡೋಥೀಲಿಯಂ, ಅಂದ್ರೆ ರಕ್ತನಾಳದ ಒಳಪದರದ ಮೇಲೆ ಎದ್ದು ನಿಲ್ಲೋ ವಿಕ್ಯಾಮ್-1, ಪಿ-ಸೆಲೆಕ್ಟಿನ್ ಅನ್ನೋ ಪ್ರೋಟೀನ್‌ಗಳು. ಬೋಸ್ಟನ್ನಿನ ವೈಸ್ಲೆಡರ್ ಗುಂಪಿನವರು ಫೇಜ್ ಡಿಸ್‌ಪ್ಲೇ (ವೈರಸ್ ಮೈಮೇಲೆ ಬಗೆಬಗೆಯ ಪೆಪ್ಟೈಡ್ ಕೂರಿಸಿ ಅಂಟೋದನ್ನ ಹೆಕ್ಕೋದು) ಮಾಡಿ ವಿಕ್ಯಾಮ್‌ಗೆ ಅಂಟೋ ಚಿಕ್ಕ ಪೆಪ್ಟೈಡ್ ಹುಡುಕಿ ಅದನ್ನ ಕಬ್ಬಿಣದ ನ್ಯಾನೋಕಣಕ್ಕೆ ಕಟ್ಟಿ 2006ರಲ್ಲಿ ಇಲಿಯಲ್ಲಿ ತೋರಿಸಿದ್ರು. ಒಳಗಡೆ ಹೊಸ ಪುಟ್ಟ ರಕ್ತನಾಳ ಚಿಗುರೋದನ್ನ ಹಿಡೀಬೇಕಾ, ಆಲ್ಫಾ-ವಿ-ಬೀಟಾ-3 ಇಂಟೆಗ್ರಿನ್. ಮ್ಯಾಕ್ರೋಫೇಜ್ ಬೇಕಾ, ಸ್ಕ್ಯಾವೆಂಜರ್ ರಿಸೆಪ್ಟರ್, ಸೊಮ್ಯಾಟೋಸ್ಟ್ಯಾಟಿನ್ ರಿಸೆಪ್ಟರ್-2 (ರಿಸೆಪ್ಟರ್ ಅಂದ್ರೆ ಕೋಶದ ಮೈಮೇಲಿರೋ, ಬೇರೆ ವಸ್ತು ಬಂದು ಅಂಟೋ ಪ್ರೋಟೀನ್). ಹೆಪ್ಪು ಬೇಕಾ, ಫೈಬ್ರಿನ್. ಸುಣ್ಣ ಬೇಕಾ, ಹೈಡ್ರಾಕ್ಸಿಅಪಟೈಟ್. ಸಾಯ್ತಿರೋ ಕೋಶ ಬೇಕಾ, ಆನೆಕ್ಸಿನ್ ಎ5 ಅನ್ನೋ ಪ್ರೋಟೀನ್ ಇದೆ, ಅದನ್ನ ಟೆಕ್ನೀಷಿಯಂ-99ಎಂ ಅನ್ನೋ ರೇಡಿಯೋಆಕ್ಟಿವ್ ವಸ್ತುವಿಗೆ ಕಟ್ಟಿ 2004ರಲ್ಲೇ ಕುತ್ತಿಗೆಯ ಕೆರೋಟಿಡ್ ಪ್ಲಾಕ್ ಇರೋ 4 ಜನ ಪೇಷೆಂಟ್‌ಗಳಲ್ಲಿ ನೋಡಿದ್ದಾರೆ.

ಟಾರ್ಗೆಟ್ ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ. ರಕ್ತದ ಕಡೆ ಮುಖ ಮಾಡ್ಕೊಂಡಿದೆಯಾ ಇಲ್ಲಾ ಗೋಡೆ ಒಳಗಡೆ ಹೂತಿದೆಯಾ. ಮೇಲ್ಮೈ ಮೇಲಿದ್ರೆ ದೊಡ್ಡ ಕಣ ಹಾಕಬಹುದು, ಒಳಗಿದ್ರೆ ದೊಡ್ಡದು ಹೋಗೋದೇ ಇಲ್ಲ. ಅಲ್ಟ್ರಾಸೌಂಡ್‌ನ ಮೈಕ್ರೋಬಬಲ್‌ಗಳು (ಪುಟ್ಟ ಅನಿಲದ ಗುಳ್ಳೆಗಳು) 1ರಿಂದ 5 ಮೈಕ್ರೋಮೀಟರ್ ಇರ್ತವೆ, ರಕ್ತನಾಳ ಬಿಟ್ಟು ಆಚೆ ಹೋಗೋ ಪ್ರಶ್ನೇನೇ ಇಲ್ಲ, ಹಾಗಾಗಿ ಅದಕ್ಕೆ ವಿಕ್ಯಾಮ್, ಪಿ-ಸೆಲೆಕ್ಟಿನ್ ಥರದ್ದೇ ಸರಿ. ಬಬಲ್‌ಗೆ ಮ್ಯಾಕ್ರೋಫೇಜ್ ಆಂಟಿಬಾಡಿ ಕಟ್ಟಿ ಪ್ಲಾಕ್ ಒಳಗೆ ಕಳಿಸ್ತೀನಿ ಅಂತ ಪ್ರಪೋಸಲ್ ಬರೆದೋರನ್ನ ನಾನೇ ನೋಡಿದ್ದೀನಿ.

ಈಗ ಕ್ಯಾಲ್ಕುಲೇಟರ್ ತಗೊಳ್ಳಿ

ಇದನ್ನ ಹೆಚ್ಚಿನವರು ಮಾಡೋದೇ ಇಲ್ಲ, ಮಾಡಿದ್ರೆ ಎರಡು ವರ್ಷ ಉಳಿಯುತ್ತೆ. ಎಂಆರ್‌ಐ ಅಂತ ಇಟ್ಕೊಳ್ಳೋಣ. ಗೋಡೆಯ ಟಿ1, ಅಂದ್ರೆ ಎಂಆರ್‌ಐ ಸಿಗ್ನಲ್ ಮತ್ತೆ ಚೇತರಿಸ್ಕೊಳ್ಳೋಕೆ ಹಿಡಿಯೋ ಸಮಯ, ಹತ್ತಿರ ಹತ್ತಿರ 1 ಸೆಕೆಂಡ್, ಅದನ್ನ ತಿರುಗಿಸಿದ್ರೆ (1/ಟಿ1) ಆರ್1 ಸೆಕೆಂಡಿಗೆ 1. ಚಿತ್ರದಲ್ಲಿ ನಂಬೋ ಹಾಗೆ ಕಾಣ್ಬೇಕು ಅಂದ್ರೆ ಅದು 20% ಆದ್ರೂ ಏರ್ಲಿ, ಅಂದ್ರೆ 0.2. ಮಾಮೂಲಿ ಗ್ಯಾಡೋಲಿನಿಯಂ ಕೀಲೇಟ್‌ನ (ಗ್ಯಾಡೋಲಿನಿಯಂ ಲೋಹವನ್ನ ಹಿಡಿದಿಟ್ಕೊಂಡಿರೋ ಮಾಲಿಕ್ಯೂಲ್) ರಿಲ್ಯಾಕ್ಸಿವಿಟಿ, ಅಂದ್ರೆ ಆರ್1ನ ಏರಿಸೋ ಶಕ್ತಿ, 1 ಮಿಲಿಮೋಲಾರ್‌ಗೆ 4-5 ಇರುತ್ತೆ, 5 ಅಂತಾನೇ ಧಾರಾಳವಾಗಿ ಹಿಡೀರಿ. 0.2ನ್ನ 5ರಿಂದ ಭಾಗಿಸಿದ್ರೆ 0.04 ಮಿಲಿಮೋಲಾರ್, ಅಂದ್ರೆ 40 ಮೈಕ್ರೋಮೋಲಾರ್ ಗ್ಯಾಡೋಲಿನಿಯಂ ಆ ಜಾಗದಲ್ಲಿ ಕೂತಿರ್ಬೇಕು. ಈಗ ನಿಮ್ಮ ರಿಸೆಪ್ಟರ್ ಆ ಗೋಡೇಲಿ 100 ನ್ಯಾನೋಮೋಲಾರ್ ಇದೆ ಅಂದ್ಕೊಳ್ಳಿ, ಎಲ್ಲದಕ್ಕೂ ಏಜೆಂಟ್ ಅಂಟ್ತು ಅಂತಾನೂ ಅಂದ್ಕೊಳ್ಳಿ, ನಿಜವಾಗ್ಲೂ ಹಾಗೆ ಆಗಲ್ಲ, ಆದ್ರೂ. ಒಂದು ಲಿಗ್ಯಾಂಡ್‌ಗೆ (ಟಾರ್ಗೆಟ್‌ಗೆ ಅಂಟೋ ಭಾಗ) ಒಂದೇ ಗ್ಯಾಡೋಲಿನಿಯಂ ಇದ್ರೆ ಸಿಕ್ಕೋದು 0.1 ಮೈಕ್ರೋಮೋಲಾರ್. ಬೇಕಿರೋದು 40. ಅಂದ್ರೆ 400 ಪಟ್ಟು ಕಮ್ಮಿ! ಎಷ್ಟೇ ಒಳ್ಳೇ ಸ್ಕ್ಯಾನರ್ ತಂದ್ರೂ ಏನೂ ಕಾಣಲ್ಲ.

ಹಂಗಾದ್ರೆ ದಾರಿ ಎರಡು. ಒಂದು, ಒಂದೊಂದು ಕಣದಲ್ಲಿ ರಾಶಿ ರಾಶಿ ಗ್ಯಾಡೋಲಿನಿಯಂ ತುಂಬೋದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಲಿ ಲಾಂಜಾ ಮತ್ತೆ ವಿಕ್‌ಲೈನ್ ಅವರು ಮಾಡಿದ್ದು ಇದನ್ನೇ, ಪರ್‌ಫ್ಲೋರೋಕಾರ್ಬನ್ ಎಮಲ್ಷನ್, ಕಣ ಸುಮಾರು 250 ನ್ಯಾನೋಮೀಟರ್, ಒಂದು ಕಣದ ಮೈಮೇಲೆ ಸುಮಾರು 90 ಸಾವಿರ ಗ್ಯಾಡೋಲಿನಿಯಂ. ಇದೇ ಲೆಕ್ಕ ಹಾಕಿ, 40 ಮೈಕ್ರೋಮೋಲಾರ್‌ನ 90 ಸಾವಿರದಿಂದ ಭಾಗಿಸಿ, ಅರ್ಧ ನ್ಯಾನೋಮೋಲಾರ್‌ಗಿಂತ ಕಮ್ಮಿ ಕಣ ಸಾಕು. ಅದಕ್ಕೇ ಅವರು 2003ರಲ್ಲಿ ಕೊಲೆಸ್ಟ್ರಾಲ್ ತಿನ್ನಿಸಿದ ಮೊಲದ ಮಹಾಧಮನಿಯಲ್ಲಿ ಮಾಮೂಲಿ 1.5 ಟೆಸ್ಲಾ ಸ್ಕ್ಯಾನರ್‌ನಲ್ಲೇ ಇಂಟೆಗ್ರಿನ್ ನೋಡೋಕಾಯ್ತು.

ಎರಡನೇ ದಾರಿ, ಗೋಡೇಲಿ ರಾಶಿ ಇರೋದನ್ನೇ ಟಾರ್ಗೆಟ್ ಮಾಡ್ಕೊಳ್ಳೋದು. ಫೈಬ್ರಿನ್ ನೋಡಿ, ರಕ್ತದಲ್ಲೇ ಅದರ ಕಚ್ಚಾ ರೂಪ ಫೈಬ್ರಿನೋಜೆನ್ ಲೀಟರಿಗೆ 2ರಿಂದ 4 ಗ್ರಾಂ ಇರುತ್ತೆ, ಮೋಲಾರ್ ಲೆಕ್ಕಕ್ಕೆ ಹಾಕಿದ್ರೆ 6ರಿಂದ 12 ಮೈಕ್ರೋಮೋಲಾರ್, ಹೆಪ್ಪಿನಲ್ಲಿ ಇನ್ನೂ ದಟ್ಟ. ಹಾಗಾಗಿ ಇಪಿ-2104ಆರ್ ಅನ್ನೋ ಪುಟ್ಟ ಪೆಪ್ಟೈಡ್‌ಗೆ ಬರೀ 4 ಗ್ಯಾಡೋಲಿನಿಯಂ ಕಟ್ಟಿದ್ರೂ ಸಾಕಾಯ್ತು, ಮನುಷ್ಯರ ತನಕಾನೂ ಹೋಯ್ತು. ಎಲಾಸ್ಟಿನ್ನೂ ಹಾಗೇನೆ, ಗೋಡೆ ತುಂಬಾ ಇರೋ ವಸ್ತು, 2011ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಕೋವ್‌ಸ್ಕಿ, ಬೊಟ್ನಾರ್ ಅವರು ಎಲಾಸ್ಟಿನ್‌ಗೆ ಅಂಟೋ ಚಿಕ್ಕ ಮಾಲಿಕ್ಯೂಲ್ ಹಾಕಿ ಇಲಿಯ ಪ್ಲಾಕ್ ಎಷ್ಟಿದೆ ಅಂತ ಅಳೆದು ತೋರಿಸಿದ್ರು. ನನ್ನ ಕೇಳಿದ್ರೆ ಮೊದಲ ಪ್ರಾಜೆಕ್ಟ್‌ಗೆ ಇಂಥದ್ದೇ ಒಳ್ಳೇದು, ವಿಕ್ಯಾಮ್ ವಿಕ್ಯಾಮ್ ಅಂತ ಎಲ್ಲರೂ ಓಡ್ತಾರೆ ಆದ್ರೆ ಇಲ್ಲಿ ಗಣಿತ ನಿಮ್ಮ ಕಡೆ ಇರುತ್ತೆ.

ರಿಸೆಪ್ಟರ್ ತುಂಬಾ ವಿರಳ ಅಂತ ಲೆಕ್ಕದಲ್ಲಿ ಬಂದ್ರೆ ಎಂಆರ್‌ಐ ಹಠ ಬಿಟ್ಟು ಪೆಟ್‌ಗೆ (ರೇಡಿಯೋಆಕ್ಟಿವ್ ಏಜೆಂಟ್ ಹಾಕಿ ಮಾಡೋ ಸ್ಕ್ಯಾನ್) ಹೋಗಿ. ಅದು ಪಿಕೋಮೋಲಾರ್ ಮಟ್ಟದಲ್ಲಿ ನೋಡುತ್ತೆ, ಆದ್ರೆ ಚಿತ್ರ ಮಬ್ಬು, ಪ್ಲಾಕ್‌ಗೂ ಪಕ್ಕದ ಸ್ನಾಯುವಿಗೂ ಬೆರೆತು ಹೋಗುತ್ತೆ. ಸಿಟಿ ಸ್ಕ್ಯಾನ್ ಇದಕ್ಕೆ ಉಲ್ಟಾ, ಚಿತ್ರ ಚೂಪು, ಸೆನ್ಸಿಟಿವಿಟಿ ದಂಡ, ಅಯೋಡಿನ್ನೋ ಚಿನ್ನಾನೋ ಮಿಲಿಮೋಲಾರ್ ಲೆಕ್ಕದಲ್ಲಿ ಸೇರ್ಬೇಕು, ಅದಕ್ಕೇ ಸಿಟಿಲಿ ಕೆಲಸ ಮಾಡಿರೋದೆಲ್ಲ ಹೆಚ್ಚುಕಮ್ಮಿ ಮ್ಯಾಕ್ರೋಫೇಜ್‌ಗಳು ತಾವಾಗೇ ನುಂಗಿ ನುಂಗಿ ಗುಡ್ಡೆ ಹಾಕ್ಕೊಳ್ಳೋ ಕಣಗಳೇ.

ಕಬ್ಬಿಣದ ಆಕ್ಸೈಡ್ ಕಣ ಆರಿಸ್ಕೊಂಡೋರಿಗೆ ಒಂದು ಎಚ್ಚರಿಕೆ. ಅದು ಚಿತ್ರದಲ್ಲಿ ಕಪ್ಪು ಮಾಡುತ್ತೆ, ಬಿಳಿ ಅಲ್ಲ. ಸುಣ್ಣಾನೂ ಕಪ್ಪು, ಗಾಳಿ ಪಕ್ಕದಲ್ಲಿದ್ರೂ ಕಪ್ಪು, ಹರಿಯೋ ರಕ್ತಾನೂ ಕೆಲವು ಸೀಕ್ವೆನ್ಸಲ್ಲಿ ಕಪ್ಪು, ಹಳೇ ರಕ್ತಸ್ರಾವದ ಕಬ್ಬಿಣಾನೂ ಕಪ್ಪು. ಏಜೆಂಟ್ ಹಾಕೋ ಮುಂಚಿನ ಚಿತ್ರ ಇಲ್ದೆ ಕಬ್ಬಿಣದ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ.

ಮಾಡೋದು ಹೇಗೆ

ಕೆಮಿಸ್ಟ್ರಿ ಬಗ್ಗೆ ಜಾಸ್ತಿ ಬರೆಯಲ್ಲ, ಪ್ರೋಟೋಕಾಲ್ ಎಲ್ಲಾ ಕಡೆ ಇದೆ. ಪೆಪ್ಟೈಡಲ್ಲಿ ಸಿಸ್ಟೀನ್ ಇದ್ರೆ ಅದಕ್ಕೆ ಅಂಟೋ ಮ್ಯಾಲಿಮೈಡ್ ಬಳಸಿ ಕಣಕ್ಕೆ ಕಟ್ಟಿ, ಪಿಎಚ್ 6.5ರಿಂದ 7.5 ಒಳಗೆ ಇಟ್ಕೊಳ್ಳಿ, ಮೇಲೆ ಹೋದ್ರೆ ಅಮೀನ್ ಜೊತೆಗೂ ರಿಯಾಕ್ಟ್ ಆಗೋಕೆ ಶುರುವಾಗುತ್ತೆ. ಇಡಿಸಿ-ಎನ್‌ಎಚ್‌ಎಸ್ (ಅಮೀನ್‌ಗೆ ಕಟ್ಟೋ ಇನ್ನೊಂದು ವಿಧಾನ) ಮಾಡೋರು ಟ್ರಿಸ್ ಬಫರ್ ಹಾಕ್ಬೇಡಿ, ಅದ್ರಲ್ಲೇ ಅಮೀನ್ ಇದೆ, ನಿಮ್ಮ ಪೆಪ್ಟೈಡ್‌ಗೆ ಅಂಟೋ ಬದಲು ಬಫರ್‌ಗೇ ಅಂಟುತ್ತೆ. ನಗಬೇಡಿ, ನಾನೇ ಮಾಡಿದ್ದೀನಿ. ಆಂಟಿಬಾಡಿ ಇಡೀದು ಕಟ್ಟಿದ್ರೆ ಅದರ ಬಾಲದ ಎಫ್‌ಸಿ ಭಾಗವನ್ನ ಮ್ಯಾಕ್ರೋಫೇಜ್‌ಗಳು ಹಿಡ್ಕೊಳ್ತವೆ, ಪ್ಲಾಕ್ ತುಂಬಾ ಮ್ಯಾಕ್ರೋಫೇಜೇ ಇರೋದು, ಆಮೇಲೆ ಸಿಗ್ನಲ್ ಯಾವ ಕಡೆಯಿಂದ ಬಂತು ಅಂತ ದೇವ್ರಿಗೂ ಗೊತ್ತಾಗಲ್ಲ. ಬಾಲ ಕತ್ತರಿಸಿದ ಎಫ್‌ಎಬಿ ತುಂಡು ಅಥವಾ ಪೆಪ್ಟೈಡ್ ಮೇಲು.

ಇನ್ನೊಂದು, ಆಂಟಿಬಾಡಿ ಯಾವ ಪ್ರಾಣಿಯ ಪ್ರೋಟೀನ್‌ಗೆ ಮಾಡಿದ್ದು ಅಂತ ನೋಡಿ. ಎಂ/ಕೆ-2 ಅನ್ನೋ ಫೇಮಸ್ ಆಂಟಿಬಾಡಿ ಕ್ಲೋನ್ ಇಲಿಯ ವಿಕ್ಯಾಮ್‌ಗೆ ಅಂತ ಮಾಡಿದ್ದು, ಅದನ್ನ ತಂದು ಮನುಷ್ಯರ ಎಂಡೋಥೀಲಿಯಲ್ ಕೋಶದ ಮೇಲೆ ಟೆಸ್ಟ್ ಮಾಡಿ ಅಂಟ್ತಾನೇ ಇಲ್ಲ ಅಂತ ಅಳೋರಿದ್ದಾರೆ.

ಗ್ಯಾಡೋಲಿನಿಯಂ ಇಟ್ಕೊಂಡೋರು ಬಿಡುಗಡೆಯಾಗಿ ಓಡಾಡೋ ಗ್ಯಾಡೋಲಿನಿಯಂ ಇದೆಯಾ ಅಂತ ಪ್ರತಿ ಬ್ಯಾಚಿಗೂ ನೋಡ್ಲೇಬೇಕು. ಕ್ಸೈಲೆನಾಲ್ ಆರೆಂಜ್ ಅನ್ನೋ ಬಣ್ಣ ಹಾಕಿ, ಪಿಎಚ್ 5.8 ಆಸುಪಾಸಲ್ಲಿ, ಹಳದಿ ಹೋಗಿ ನೇರಳೆ ಕಡೆಗೆ ತಿರುಗಿದ್ರೆ ಬಿಡಿ ಗ್ಯಾಡೋಲಿನಿಯಂ ಇದೆ ಅಂತ ಅರ್ಥ. ಇದು ಬರೀ ಶಾಸ್ತ್ರಕ್ಕೆ ಅಲ್ಲ. 2006ರಲ್ಲಿ ಕಿಡ್ನಿ ಫೇಲ್ ಆದವರಲ್ಲಿ ಚರ್ಮ ಮತ್ತೆ ಒಳ ಅಂಗ ಗಟ್ಟಿಯಾಗೋ ಎನ್‌ಎಸ್‌ಎಫ್ ಕಾಯಿಲೆಗೂ ಗ್ಯಾಡೋಲಿನಿಯಂ ಏಜೆಂಟ್‌ಗಳಿಗೂ ಸಂಬಂಧ ಇದೆ ಅಂತ ಗೊತ್ತಾಯ್ತು, 2014ರಲ್ಲಿ ಪದೇ ಪದೇ ಏಜೆಂಟ್ ತಗೊಂಡವರ ಮಿದುಳಲ್ಲಿ ಉಳ್ಕೊಳ್ಳುತ್ತೆ ಅನ್ನೋದು ಹೊರಗೆ ಬಂತು, 2017ರಲ್ಲಿ ಯುರೋಪಿನ ಔಷಧ ಏಜೆನ್ಸಿ ಲೀನಿಯರ್ (ಸರದ ಥರ ಉದ್ದ, ಪೂರ್ತಿ ಸುತ್ತುವರೀದ) ಕೀಲೇಟ್‌ಗಳಲ್ಲಿ ಹೆಚ್ಚಿನವನ್ನ ನಿಲ್ಲಿಸ್ತು. ಅಂದ್ಮೇಲೆ ದಿನಗಟ್ಟಲೆ ದೇಹದಲ್ಲಿ ಉಳಿಯೋ ನ್ಯಾನೋಕಣದ ಮೇಲೆ ಲೀನಿಯರ್ ಡಿಟಿಪಿಎ ಕಟ್ಟೋದು ಈಗಿನ ಕಾಲಕ್ಕೆ ಸರಿ ಅಲ್ಲ, ಉಂಗುರದ ಥರ ಹಿಡ್ಕೊಳ್ಳೋ ಡೋಟಾ ಹಾಕಿ. ಹಳೇ ಪೇಪರ್‌ಗಳಲ್ಲಿ ಡಿಟಿಪಿಎ ಇದೆ ಅಂತ ಕಾಪಿ ಮಾಡ್ಬೇಡಿ.

ಸೈಜ್ ಬರೀ ನೀರಲ್ಲಿ ಅಳೆದು ಬಿಡ್ಬೇಡಿ. ಡಿಎಲ್‌ಎಸ್‌ನಲ್ಲಿ (ಬೆಳಕು ಚದುರೋದ್ರಿಂದ ಕಣದ ಸೈಜ್ ಅಳೆಯೋ ಮೆಷಿನ್) ನೀರಲ್ಲಿ 60 ನ್ಯಾನೋಮೀಟರ್ ಬಂದಿದ್ದು ಸೀರಮ್‌ನಲ್ಲಿ 37 ಡಿಗ್ರಿಗೆ ಒಂದು ದಿನ ಇಟ್ರೆ 300 ಆಗಿ ತಳಕ್ಕೆ ಕೂತಿರುತ್ತೆ, ಮಜ್ಜಿಗೆ ಒಡೆದ ಹಾಗೆ. ರಕ್ತದಲ್ಲಿರೋ ಪ್ರೋಟೀನೆಲ್ಲಾ ಕಣದ ಮೈಗೆ ಮೆತ್ಕೊಂಡು ನೀವು ಕಷ್ಟಪಟ್ಟು ಕಟ್ಟಿದ ಲಿಗ್ಯಾಂಡನ್ನೇ ಮುಚ್ಚಿಬಿಡಬಹುದು. ಹಂಗೇ ರಿಲ್ಯಾಕ್ಸಿವಿಟಿ ಅಳೆಯೋವಾಗ ನೀವು ಪ್ರಾಣಿನ ಸ್ಕ್ಯಾನ್ ಮಾಡೋ ಫೀಲ್ಡಲ್ಲೇ ಅಳೀರಿ. ದೊಡ್ಡ ಕಣಕ್ಕೆ ಕಟ್ಟಿದ ಗ್ಯಾಡೋಲಿನಿಯಂ ನಿಧಾನಕ್ಕೆ ತಿರುಗುತ್ತೆ, ಟೇಬಲ್ ಮೇಲಿನ ಚಿಕ್ಕ ಮೆಷಿನ್ನಲ್ಲಿ, ಅಂದ್ರೆ 1.5 ಟೆಸ್ಲಾ ಹತ್ರ, ಭರ್ಜರಿ ನಂಬರ್ ಕೊಡುತ್ತೆ, ಅದೇ 7 ಟೆಸ್ಲಾಗೆ ಹೋದ್ರೆ ಟಿ1 ರಿಲ್ಯಾಕ್ಸಿವಿಟಿ ದಬ್ ಅಂತ ಬೀಳುತ್ತೆ. ಮೇಲೆ ಹಾಕಿದ ಲೆಕ್ಕಾನ ಈ ಹೊಸ ನಂಬರ್ ಇಟ್ಕೊಂಡು ಮತ್ತೆ ಹಾಕಿ.

ಎಂಡೋಟಾಕ್ಸಿನ್ ಟೆಸ್ಟ್ ಮರೀಬೇಡಿ. ಬ್ಯಾಕ್ಟೀರಿಯಾ ಕಸ ಇರೋ ಸ್ಯಾಂಪಲ್ ಹಾಕಿದ್ರೆ ಇಲಿಯ ಎಂಡೋಥೀಲಿಯಂ ತಾನೇ ಉರಿದು ವಿಕ್ಯಾಮ್ ಏರಿಸ್ಕೊಳ್ಳುತ್ತೆ, ನೀವು ನಿಮ್ಮ ಏಜೆಂಟೇ ಹುಟ್ಟಿಸಿದ ರೋಗವನ್ನ ಫೋಟೋ ತೆಗೀತಿರ್ತೀರಿ.

ಡಿಶ್‌ನಲ್ಲಿ ಅಂಟಿದ್ದು ಆರ್ಟರಿಲಿ ಅಂಟಲ್ಲ

ಹೊಕ್ಕುಳಬಳ್ಳಿಯ ಎಂಡೋಥೀಲಿಯಲ್ ಕೋಶ ತಗೊಂಡು ಉರಿಯೂತ ಎಬ್ಬಿಸೋ ಟಿಎನ್‌ಎಫ್-ಆಲ್ಫಾ ಹಾಕಿ ಕೆರಳಿಸಿ ಏಜೆಂಟ್ ಸುರಿದು ತೊಳೆದು ನೋಡೋದು ಎಲ್ಲರೂ ಮಾಡ್ತಾರೆ. ಆದ್ರೆ ಡಿಶ್‌ನಲ್ಲಿ ನೀರು ನಿಂತಿರುತ್ತೆ. ನೇರವಾಗಿರೋ ಆರ್ಟರಿಲಿ ರಕ್ತ ಗೋಡೆಯನ್ನ ಉಜ್ಜೋ ಬಲ ಚದರ ಸೆಂಟಿಮೀಟರಿಗೆ 15 ಡೈನ್ ಮೇಲಿರುತ್ತೆ, ಪ್ಲಾಕ್ ಬೆಳೆಯೋ ತಿರುವು ಕವಲುಗಳಲ್ಲಿ ಅದು 4ಕ್ಕೂ ಇಳಿಯುತ್ತೆ, ಹಿಂದೆ ಮುಂದೆ ತೊನೆದಾಡುತ್ತೆ. ಹಾಗಾಗಿ ಫ್ಲೋ ಚೇಂಬರ್ (ಕೋಶದ ಮೇಲೆ ದ್ರವ ಹರಿಸೋ ಪೆಟ್ಟಿಗೆ) ಒಂದು ಹೊಂದಿಸ್ಕೊಂಡು ಎರಡೂ ವೇಗದಲ್ಲಿ ಟೆಸ್ಟ್ ಮಾಡಿ. ಮೈಕ್ರೋಮೀಟರ್ ಸೈಜಿನ ಕಣ ಆದ್ರಂತೂ ಕಡ್ಡಾಯ, ದೊಡ್ಡ ಕಣದ ಮೇಲೆ ಎಳೆತಾನೂ ದೊಡ್ಡದೇ. ಆಕ್ಸ್‌ಫರ್ಡ್‌ನ ಮೆಕಟೀರ್, ಚೌಧುರಿ ಅವರು ಮೈಕ್ರೋಮೀಟರ್ ಸೈಜಿನ ಕಬ್ಬಿಣದ ಕಣದ ಮೇಲೆ ವಿಕ್ಯಾಮ್‌ಗೂ ಪಿ-ಸೆಲೆಕ್ಟಿನ್‌ಗೂ ಎರಡಕ್ಕೂ ಅಂಟೋ ಲಿಗ್ಯಾಂಡ್ ಕಟ್ಟಿದ್ದು ಯಾಕೆ ಅಂತ ಆಗ ಅರ್ಥ ಆಗುತ್ತೆ, ಒಂದು ಕೈ ಜಾರಿದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ.

ಪ್ರಾಣಿ

ನಮ್ಮ ದೇಶದಲ್ಲಾದ್ರೆ ಸಂಸ್ಥೆಯ ಅನಿಮಲ್ ಎಥಿಕ್ಸ್ ಕಮಿಟಿಗೆ ಫಾರ್ಮ್ ಬಿ ಹಾಕಿ ಒಪ್ಪಿಗೆ ಬರೋ ತನಕ ಒಂದು ಇಲೀನೂ ಮುಟ್ಟೋ ಹಾಗಿಲ್ಲ, ರೇಡಿಯೋಆಕ್ಟಿವ್ ಆದ್ರೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮ ಬೇರೆ. ಫಾರ್ಮ್ ಬರೆಯೋವಾಗಲೇ ಕಂಟ್ರೋಲ್ ಗುಂಪುಗಳ ಇಲಿ ಲೆಕ್ಕಾನೂ ಸೇರಿಸಿ ಬರೀರಿ, ಆಮೇಲೆ ಇನ್ನೂ 12 ಕೊಡಿ ಅಂತ ಹೋದ್ರೆ ಮತ್ತೆ ತಿಂಗಳುಗಟ್ಟಲೆ ಕಾಯ್ಬೇಕು.

ಮಾಮೂಲಿ ಮಾಡೆಲ್ ಅಂದ್ರೆ ರಕ್ತದಿಂದ ಕೊಲೆಸ್ಟ್ರಾಲ್ ತೆರವು ಮಾಡೋ ಏಪೋ-ಇ ಜೀನ್ ತೆಗೆದ ಇಲಿ, 1992ರಲ್ಲಿ ಮಾಡಿದ್ದು. 21% ಕೊಬ್ಬು, 0.2% ಕೊಲೆಸ್ಟ್ರಾಲ್ ಇರೋ ವೆಸ್ಟರ್ನ್ ಡಯಟ್ ಮೂರು ತಿಂಗಳು ತಿನ್ನಿಸಿದ್ರೆ ಮಹಾಧಮನಿಯ ಬುಡದಲ್ಲಿ, ಕಮಾನಿನ ಒಳಮಗ್ಗುಲಲ್ಲಿ ಪ್ಲಾಕ್ ಸಿಗುತ್ತೆ. ಆದ್ರೆ ಇಲಿಯ ಮಹಾಧಮನಿ ಹೆಚ್ಚುಕಮ್ಮಿ 1 ಮಿಲಿಮೀಟರ್ ಅಗಲ, ಹೃದಯ ನಿಮಿಷಕ್ಕೆ 500-600 ಸಲ ಬಡಿಯುತ್ತೆ, ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಸ್ಕ್ಯಾನ್ ಮಾಡೋದು) ಇಲ್ದೆ ಸ್ಕ್ಯಾನ್ ಮಾಡಿದ್ರೆ ಹೊಗೆ ಕಂಡ ಹಾಗೆ ಕಾಣುತ್ತೆ. ಇನ್ನೂ ಮುಖ್ಯ ಏನಂದ್ರೆ ಈ ಇಲಿಗಳಲ್ಲಿ ಮನುಷ್ಯರ ಥರ ಪ್ಲಾಕ್ ಒಡೆದು ಹೆಪ್ಪುಗಟ್ಟೋದು ತುಂಬಾ ಅಪರೂಪ. "ವಲ್ನರಬಲ್ ಪ್ಲಾಕ್ ಇಮೇಜಿಂಗ್" (ಒಡೆಯೋ ಪ್ಲಾಕ್‌ನ ಚಿತ್ರ) ಅಂತ ಟೈಟಲ್ ಕೊಡೋ ಮುಂಚೆ ಸ್ವಲ್ಪ ಯೋಚ್ನೆ ಮಾಡಿ. ಕ್ಲಿನಿಕಲ್ ಸ್ಕ್ಯಾನರ್‌ನಲ್ಲಿ ನೋಡೋ ಆಸೆ ಇದ್ರೆ ಮೊಲವೇ ಸರಿ, ಬಲೂನ್‌ನಿಂದ ಧಮನಿ ಒಳಪದರ ಕೆರೆದು ಕೊಲೆಸ್ಟ್ರಾಲ್ ತಿನ್ನಿಸೋದು.

ಏಜೆಂಟ್ ಹಾಕಿ ಎಷ್ಟು ಹೊತ್ತು ಬಿಟ್ಟು ಸ್ಕ್ಯಾನ್ ಮಾಡ್ಬೇಕು ಅನ್ನೋದಕ್ಕೆ ಪುಸ್ತಕದ ಉತ್ತರ ಇಲ್ಲ, ರಕ್ತದಿಂದ ಅದು ಎಷ್ಟು ಬೇಗ ಖಾಲಿಯಾಗುತ್ತೆ ಅನ್ನೋದ್ರ ಮೇಲೆ. ರಕ್ತದಲ್ಲಿ ಇನ್ನೂ ತುಂಬಿದ್ರೆ ಒಳಗಿನ ದಾರಿ ಬೆಳಗ್ತಿರುತ್ತೆ, ಗೋಡೆ ಬೇರೆ ಮಾಡೋಕಾಗಲ್ಲ. ಸಣ್ಣ ಪೆಪ್ಟೈಡ್ ಆದ್ರೆ ಒಂದೆರಡು ಗಂಟೆ. ಮನುಷ್ಯರ ಕೆರೋಟಿಡ್‌ನಲ್ಲಿ ಪುಟ್ಟ ಕಬ್ಬಿಣದ ಕಣ ಹಾಕಿ ಸ್ಕ್ಯಾನ್ ಮಾಡಿದ ಕೇಂಬ್ರಿಡ್ಜ್‌ನವರು 36 ಗಂಟೆ ಹೊತ್ತಿಗೆ ಸರಿ ಹೋಗುತ್ತೆ ಅಂತ ಕಂಡ್ಕೊಂಡ್ರು. ಪೆಟ್ ಮಾಡೋರು ಐಸೋಟೋಪ್‌ನ ಆಯಸ್ಸನ್ನ ಏಜೆಂಟ್‌ನ ಓಡಾಟಕ್ಕೆ ಜೋಡಿಸ್ಬೇಕು. ಗ್ಯಾಲಿಯಂ-68 ಅರ್ಧ ಆಯಸ್ಸು 68 ನಿಮಿಷ, ಫ್ಲೋರಿನ್-18 110 ನಿಮಿಷ, ಇವು ಬೇಗ ಓಡಾಡೋ ಚಿಕ್ಕ ಮಾಲಿಕ್ಯೂಲ್‌ಗೆ. ಎರಡು ಮೂರು ದಿನ ರಕ್ತದಲ್ಲೇ ಸುತ್ತೋ ಆಂಟಿಬಾಡಿಗೆ ಗ್ಯಾಲಿಯಂ ಕಟ್ಟೋದು ಅಂದ್ರೆ ಬಸ್ಸು ಬರೋಷ್ಟರಲ್ಲಿ ಟಿಕೆಟ್ ಅವಧಿ ಮುಗಿದ ಹಾಗೆ, ಅದಕ್ಕೆ 78 ಗಂಟೆಯ ಜಿರ್ಕೋನಿಯಂ-89 ಬೇಕು.

ಬೆಳ್ಳಗಿರೋದೆಲ್ಲ ಹಾಲಲ್ಲ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಇಡೀ ಪೋಸ್ಟ್ ಬರೆದಿದ್ದೇ ಇದಕ್ಕೆ.

ನಂದೇ ಕತೆ. ನಂಗೆ ಮೊದಲ ಸಲ ಏಪೋ-ಇ ಇಲಿಯಲ್ಲಿ ಧಮನಿಯ ಕಮಾನು ಬೆಳ್ಳಗೆ ಹೊಳೆದಾಗ ರಾತ್ರಿ ಹನ್ನೊಂದು ಗಂಟೆ, ಸ್ಕ್ಯಾನರ್ ರೂಮಲ್ಲಿ ಒಬ್ನೇ, ಅಮ್ಮಂಗೆ ಫೋನ್ ಮಾಡಿ ಎಬ್ಬಿಸಿ ಹೇಳಿದ್ದೆ. ಬೆಳಿಗ್ಗೆ ಗೈಡ್ ಮೇಡಂಗೆ ತೋರಿಸಿದ್ರೆ ಅವ್ರು ಎರಡೇ ಸೆಕೆಂಡ್ ನೋಡಿ, "ಚೆನ್ನಾಗಿದೆ ಕಣಪ್ಪಾ, ಸ್ಕ್ರ್ಯಾಂಬಲ್ಡ್ ಎಲ್ಲಿ?" ಅಂದ್ರು. ಸ್ಕ್ರ್ಯಾಂಬಲ್ಡ್ ಅಂದ್ರೆ ಅದೇ ಅಮೈನೋ ಆಮ್ಲಗಳು, ಜೋಡಣೆ ಮಾತ್ರ ಅದಲು ಬದಲು, ಟಾರ್ಗೆಟ್‌ಗೆ ಅಂಟಬಾರದು. ಅದನ್ನ ಮಾಡಿಸಿ ಹಾಕಿ ನೋಡಿದ್ರೆ ಅದೂ ಹೊಳೀತು! ಹೆಚ್ಚುಕಮ್ಮಿ ಅಷ್ಟೇ. ಎಂಟು ತಿಂಗಳ ಕೆಲಸ ಅದು.

ಆಗಿದ್ದೇನು ಅಂದ್ರೆ ಕಾಯಿಲೆ ಬಿದ್ದ ಧಮನಿಯ ಎಂಡೋಥೀಲಿಯಂ ಸೋರುತ್ತೆ, ಹಳೇ ಮನೆ ಹೆಂಚಿನ ಥರ. ಯಾವ ಕಣ ಹಾಕಿದ್ರೂ ಸ್ವಲ್ಪ ಒಳಗೆ ನುಸುಳುತ್ತೆ, ಒಳಗೆ ಮ್ಯಾಕ್ರೋಫೇಜ್ ಕಾಯ್ತಾ ಕೂತಿರುತ್ತೆ, ಸಿಕ್ಕಿದ್ದನ್ನ ನುಂಗುತ್ತೆ. ಲಿಗ್ಯಾಂಡ್ ಇದ್ರೂ ಇಲ್ದಿದ್ರೂ ಪ್ಲಾಕ್ ಹೊಳೆಯುತ್ತೆ, ಆರೋಗ್ಯವಾಗಿರೋ ಧಮನಿ ಹೊಳೆಯಲ್ಲ. ಹಾಗಾಗಿ ಕಾಯಿಲೆ ಇಲಿ, ಆರೋಗ್ಯದ ಇಲಿ ಇಷ್ಟೇ ಹೋಲಿಸಿದ್ರೆ ನಿಮ್ಮ ಟಾರ್ಗೆಟಿಂಗ್ ಬಗ್ಗೆ ಏನೂ ಗೊತ್ತಾಗಲ್ಲ, ಧಮನಿ ಸೋರ್ತಿದೆ ಅನ್ನೋದಷ್ಟೇ ಗೊತ್ತಾಗೋದು.

ಕನಿಷ್ಠ ಇಷ್ಟು ಗುಂಪು ಬೇಕು: ಕಾಯಿಲೆ ಇಲಿಗೆ ಟಾರ್ಗೆಟೆಡ್ ಏಜೆಂಟ್, ಕಾಯಿಲೆ ಇಲಿಗೆ ಲಿಗ್ಯಾಂಡ್ ಇಲ್ಲದ ಅಥವಾ ಸ್ಕ್ರ್ಯಾಂಬಲ್ಡ್ ಏಜೆಂಟ್, ಆರೋಗ್ಯದ ಇಲಿಗೆ ಟಾರ್ಗೆಟೆಡ್, ಮತ್ತೆ ನಾಲ್ಕನೇದು ಎಲ್ಲರೂ ಬಿಟ್ಟುಬಿಡೋದು, ಬ್ಲಾಕಿಂಗ್. ಮೊದ್ಲು ಬಣ್ಣ ಇಲ್ಲದ ಅಂದ್ರೆ ಗ್ಯಾಡೋಲಿನಿಯಂ ಇಲ್ಲದ ಲಿಗ್ಯಾಂಡ್‌ನ ಜಾಸ್ತಿ ಹಾಕಿ ಜಾಗ ಎಲ್ಲಾ ತುಂಬಿಸಿಬಿಟ್ಟು ಆಮೇಲೆ ಏಜೆಂಟ್ ಹಾಕೋದು, ಬಸ್ ಸೀಟಿಗೆ ಮೊದ್ಲೇ ಟವಲ್ ಹಾಕಿದ ಹಾಗೆ. ನಿಜವಾಗ್ಲೂ ಅಂಟ್ತಿದ್ರೆ ಸಿಗ್ನಲ್ ಇಳೀಬೇಕು. ಸೇಂಟ್ ಲೂಯಿಸ್‌ನವರು ಆ ಮೊಲದ ಪೇಪರಲ್ಲಿ ಇದನ್ನ ಮಾಡಿದ್ರು, ಬ್ಲಾಕ್ ಮಾಡಿದಾಗ ಸಿಗ್ನಲ್ ಅರ್ಧಕ್ಕಿಂತ ಕೆಳಗೆ ಬಂತು. ಅದೇ ಪೇಪರಲ್ಲಿ ಲಿಗ್ಯಾಂಡ್ ಇಲ್ಲದ ಕಣಕ್ಕೂ ಸ್ವಲ್ಪ ಸಿಗ್ನಲ್ ಬಂದಿತ್ತು, ಮುಚ್ಚಿಡದೆ ತೋರಿಸಿದ್ದಾರೆ, ಇಪ್ಪತ್ತು ವರ್ಷ ಆದ್ಮೇಲೂ ಆ ಪೇಪರ್ ಮೇಲೆ ನಂಗೆ ನಂಬಿಕೆ ಇರೋದು ಅದಕ್ಕೇನೆ.

ಟಾರ್ಗೆಟೆಡ್ಡು, ಕಂಟ್ರೋಲ್ಲು ಎರಡರ ಸೈಜ್, ಚಾರ್ಜ್, ರಕ್ತದಲ್ಲಿ ಉಳಿಯೋ ಸಮಯ ಒಂದೇ ಇರ್ಬೇಕು, ಇದನ್ನ ಅಳೆದು ಹಾಕಿ. ಲಿಗ್ಯಾಂಡ್ ಕಟ್ಟಿದ್ಮೇಲೆ ಕಣ ರಕ್ತದಲ್ಲಿ ಮೂರು ಪಟ್ಟು ಹೊತ್ತು ಉಳೀತಿದ್ರೆ ಪ್ಲಾಕ್‌ಗೆ ಜಾಸ್ತಿ ಸೋರಿದ್ದೂ ಅದಕ್ಕೇ ಇರಬಹುದು.

ಚಿತ್ರ ಆದ್ಮೇಲೆ ಧಮನಿ ತೆಗೆದು ಅರ್ಧಾನ ಐಸಿಪಿ-ಎಂಎಸ್‌ಗೆ (ಲೋಹದ ಪ್ರಮಾಣ ಅಳೆಯೋ ಮೆಷಿನ್) ಕೊಟ್ಟು ಗ್ರಾಂ ಅಂಗಾಂಶಕ್ಕೆ ಎಷ್ಟು ಗ್ಯಾಡೋಲಿನಿಯಂ ಬಂತು ಅಂತ ನಂಬರ್ ತಗೊಳ್ಳಿ, ಇನ್ನರ್ಧ ಸ್ಲೈಡ್‌ಗೆ ಹಾಕಿ ಬಣ್ಣ ಹಚ್ಚಿ. ಮ್ಯಾಕ್ರೋಫೇಜ್‌ಗೆ ಸಿಡಿ68, ಕೊಬ್ಬಿಗೆ ಆಯಿಲ್ ರೆಡ್ ಓ, ಕಬ್ಬಿಣಕ್ಕೆ ಪರ್ಲ್ಸ್ ನೀಲಿ, ಜೊತೆಗೆ ನಿಮ್ಮ ಟಾರ್ಗೆಟ್‌ನದ್ದೇ ಆಂಟಿಬಾಡಿ. ಸ್ಲೈಡಲ್ಲಿ ನಿಮ್ಮ ಏಜೆಂಟು ಟಾರ್ಗೆಟ್ ಇರೋ ಜಾಗದಲ್ಲೇ ಇದೆಯಾ, ಇಲ್ಲಾ ಸಿಡಿ68 ಜೊತೆಗಿದೆಯಾ ನೋಡಿ. ಸ್ಲೈಡ್‌ಗೂ ಸ್ಕ್ಯಾನ್‌ಗೂ ಹೊಂದಿಸೋಕೆ ಕಿಡ್ನಿ ಕವಲಿನಿಂದ ಇಷ್ಟು ದೂರ ಅಂತ ಗುರುತು ಇಟ್ಕೊಳ್ಳಿ. ಅಳೆಯೋರಿಗೆ ಯಾವ ಇಲಿ ಯಾವ ಗುಂಪು ಅಂತ ಹೇಳ್ಬೇಡಿ, ನಿಮ್ಮ ಕಣ್ಣನ್ನೂ ನಂಬಬೇಡಿ, ಪಿಎಚ್‌ಡಿ ನಾಲ್ಕನೇ ವರ್ಷದ ಕಣ್ಣಿಗೆ ಎಲ್ಲಾ ಪ್ಲಾಕೂ ಹೊಳೆಯುತ್ತೆ.

ಮನುಷ್ಯರ ತನಕ ಹೋಗಿದ್ದು ಯಾವ್ದು

ಇದು ಸ್ವಲ್ಪ ಬೇಜಾರಿನ ವಿಷಯ. ಇಷ್ಟೆಲ್ಲಾ ಚೆಂದದ ನ್ಯಾನೋಕಣ ಮಾಡಿದ್ರೂ ಪೇಷೆಂಟ್ ಹತ್ರ ಬೇಗ ಹೋಗಿದ್ದು ಬೇರೆ ಕೆಲಸಕ್ಕೆ ಅಂತ ಆಗ್ಲೇ ಇದ್ದ ಸರಳ ಏಜೆಂಟ್‌ಗಳೇ. ಫ್ಲೋರಿನ್-18 ಇರೋ ಸೋಡಿಯಂ ಫ್ಲೋರೈಡ್ ನೋಡಿ, 1960ರ ದಶಕದಿಂದ ಮೂಳೆ ಸ್ಕ್ಯಾನಿಗೆ ಬಳಸ್ತಿದ್ದದ್ದು. ಎಡಿನ್‌ಬರೋದವರು ಅದನ್ನ ಹೃದಯದ ಆರ್ಟರಿಗೆ ಹಾಕಿ 2014ರಲ್ಲಿ ಪ್ರಕಟಿಸಿದ್ರು, ಹಾರ್ಟ್ ಅಟ್ಯಾಕ್ ಆದ 40 ಜನರಲ್ಲಿ 37 ಜನಕ್ಕೆ ಅಟ್ಯಾಕ್ ಮಾಡಿದ ಪ್ಲಾಕಲ್ಲೇ ಅತಿ ಹೆಚ್ಚು ಸಿಗ್ನಲ್. ಪೆಪ್ಟೈಡ್ ಇಲ್ಲ, ಲೈಪೋಸೋಮ್ (ಕೊಬ್ಬಿನ ಪುಟ್ಟ ಗುಳ್ಳೆ) ಇಲ್ಲ, ಸುಣ್ಣದ ಪುಟ್ಟ ಕಣಕ್ಕೆ ಹೋಗಿ ಕೂರೋ ಒಂದು ಫ್ಲೋರಿನ್. ಸಕ್ಕರೆ ಥರದ ಎಫ್‌ಡಿಜಿ 2002ರಿಂದ್ಲೂ ಕೆರೋಟಿಡ್‌ಗೆ ಬಳಸಿದ್ದಾರೆ, ಆದ್ರೆ ಹೃದಯದ ಸ್ನಾಯು ತಾನೇ ಸಕ್ಕರೆ ತಿಂದು ಉರಿಯೋದ್ರಿಂದ ಕೊರೋನರಿಲಿ, ಅಂದ್ರೆ ಹೃದಯದ ಆರ್ಟರಿಲಿ ನೋಡೋದು ಕಷ್ಟ. ಅದಕ್ಕೆ ನ್ಯೂರೋಎಂಡೋಕ್ರೈನ್ ಗೆಡ್ಡೆಗೆ ಅಂತ ಇದ್ದ ಗ್ಯಾಲಿಯಂ-68 ಡೋಟಾಟೇಟ್ (ಮೇಲೆ ಹೇಳಿದ ಸೊಮ್ಯಾಟೋಸ್ಟ್ಯಾಟಿನ್ ರಿಸೆಪ್ಟರ್-2ಗೆ ಅಂಟೋದು) ತಗೊಂಡು 2017ರಲ್ಲಿ ಕೇಂಬ್ರಿಡ್ಜ್‌ನವರು ಮ್ಯಾಕ್ರೋಫೇಜ್ ನೋಡಿದ್ರು.

ಕಬ್ಬಿಣದ ಕಣಗಳದ್ದು ಇನ್ನೊಂದು ಪಾಠ. 2009ರ ಅಥಿರೋಮಾ ಸ್ಟಡಿಲಿ ಕೊಲೆಸ್ಟ್ರಾಲ್ ಇಳಿಸೋ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ, 80 ಮಿಲಿಗ್ರಾಂ ಎರಡನ್ನೂ ಹೋಲಿಸಿದಾಗ 80 ತಗೊಂಡವರಲ್ಲಿ 12 ವಾರಕ್ಕೆ ಕಣ ಸೇರೋದು ಕಮ್ಮಿಯಾಗಿದ್ದು ಕಂಡಿತ್ತು, ಔಷಧಿ ಕೆಲಸ ಮಾಡ್ತಿದೆ ಅನ್ನೋದನ್ನ ಚಿತ್ರದಲ್ಲಿ ಹಿಡಿದಿದ್ರು. ಆದ್ರೆ ಅದರಲ್ಲಿ ಬಳಸಿದ್ದ ಸಿನೆರೆಮ್ ಅನ್ನೋ ಕಬ್ಬಿಣದ ಕಣದ ಒಪ್ಪಿಗೆಗೆ ಹಾಕಿದ್ದ ಅರ್ಜಿಯನ್ನ ಕಂಪನಿ ಯುರೋಪಲ್ಲಿ 2007ರಲ್ಲೇ ವಾಪಸ್ ತಗೊಂಡಿತ್ತು. ಅದರ ಬದಲಿಗೆ ಜನ ಬಳಸೋ ಫೆರುಮಾಕ್ಸಿಟಾಲ್ 2009ರಲ್ಲಿ ಅಮೆರಿಕಾದಲ್ಲಿ ರಕ್ತಹೀನತೆಗೆ ಕಬ್ಬಿಣದ ಇಂಜೆಕ್ಷನ್ ಅಂತ ಒಪ್ಪಿಗೆ ಪಡೀತು, 2015ರಲ್ಲಿ ಅಲರ್ಜಿ ಬಗ್ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ (ಔಷಧಿಗೆ ಅಲ್ಲಿ ಕೊಡೋ ಅತಿ ಗಂಭೀರ ಎಚ್ಚರಿಕೆ) ಬಿತ್ತು. ನಿಮ್ಮ ಏಜೆಂಟ್‌ನ ಮೊದಲ ಮೂರು ಡಿಸೈನಲ್ಲಿ ಒಂದಾದ್ರೂ ಆಗ್ಲೇ ಮನುಷ್ಯರಿಗೆ ಕೊಡ್ತಿರೋ ವಸ್ತುವಿನ ಮೇಲೆ ಕಟ್ಟಿ ಅಂತ ನಾನು ಹೇಳೋದು ಇದಕ್ಕೇ.

ಕೊನೇದಾಗಿ ಪೇಪರ್ ಬರೆಯೋ ಹೊತ್ತಿನ ಒಂದು ಸಣ್ಣ ವಿಷಯ. ಟಾರ್ಗೆಟೆಡ್ ಚಿತ್ರ, ಕಂಟ್ರೋಲ್ ಚಿತ್ರ ಪಕ್ಕಪಕ್ಕ ಹಾಕೋವಾಗ ಎರಡಕ್ಕೂ ಒಂದೇ ವಿಂಡೋ, ಒಂದೇ ಲೆವೆಲ್ (ಚಿತ್ರದ ಕಪ್ಪು-ಬಿಳುಪಿನ ಸೆಟ್ಟಿಂಗ್) ಇಡಿ, ಏಜೆಂಟ್ ಹಾಕೋ ಮುಂಚಿನ ಚಿತ್ರಾನೂ ಅದೇ ಸ್ಕೇಲಲ್ಲಿ ಹಾಕಿ, ಬಣ್ಣದ ಪಟ್ಟಿ ಮೇಲೆ ನಂಬರ್ ಬರೀರಿ. ರಿವ್ಯೂಯರ್ ನಾನಾಗಿದ್ರೆ ಮೊದ್ಲು ನೋಡೋದೇ ಅದನ್ನ.